ಎಲ್ಲರೂ ಕೈ ತೊಳೆದುಕೊಂಡರು

ಜೂನ್ 3, ಸೋಮವಾರ

ಲಸಿಕೆ ದಿನ. ಬೆಳಗ್ಗೆ ಶುರುವಾದ ಅಳು ಮಧ್ಯಾಹ್ನಕ್ಕೆ ನಿಂತಿತು. ಒಂದು ಮಗು ಅತ್ತರೆ ಸಾಲಿನಲ್ಲಿರುವ ಎಲ್ಲಕ್ಕೂ ಜ್ಞಾನೋದಯ — ಒಳಗೆ ಏನೋ ಮೋಸ ನಡೆಯುತ್ತಿದೆ ಎಂದು. ಹೋದ ತಿಂಗಳು ನನ್ನ ಬೆರಳು ಹಿಡಿದು ನಕ್ಕಿದ್ದ ಮಗು ಇವತ್ತು ಬಾಗಿಲಲ್ಲೇ ನನ್ನ ಮುಖ ನೋಡಿ ಕಿರುಚಿತು. ಗುರುತು ಹಿಡಿದಿದೆ. ಸಂತೋಷ. ನೆನಪಿನ ಶಕ್ತಿ ಚೆನ್ನಾಗಿದೆ.

ಪ್ರತಿ ತಾಯಿಗೂ ಕೊನೆಯಲ್ಲಿ ನನ್ನ ಅದೇ ಮಂತ್ರ: ಮಗುವಿಗೆ ಉಣ್ಣಿಸುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಇವತ್ತು ಹಳದಿ ಶಾಲು ಹೊದ್ದ ಒಬ್ಬಳು ಕೇಳಿದಳು, “ಯಾವ ನೀರಲ್ಲಿ ಸಿಸ್ಟರ್?”

ಹಾಗೆಂದರೆ ಏನು ಎಂದೆ.

“ನಮ್ಮ ಬೀದಿಲಿ ನಲ್ಲಿ ವಾರಕ್ಕೆ ಎರಡು ಸಲ ಬರುತ್ತೆ. ಹಿಡಿದಿಟ್ಟಿದ್ದು ಕುಡಿಯೋಕೆ, ಅಡುಗೆಗೆ. ಉಳಿದ್ರೆ ಮಗು ಸ್ನಾನಕ್ಕೆ. ಅದಕ್ಕೇ ಕೇಳ್ದೆ, ಯಾವ ನೀರಲ್ಲಿ ಅಂತ.”

ಜಗಳದ ದನಿಯಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಪಾಂಪ್ಲೆಟ್ ಇತ್ತು. ಕೊಟ್ಟೆ. ಅದರ ಮೇಲೆ ಧೋ ಎಂದು ಸುರಿಯುವ ನಲ್ಲಿಯ ಚಿತ್ರ. ನೋಡಿ ನಕ್ಕಳು. ನಾನೂ ನಕ್ಕೆ. ಆದರೆ ದಿನವಿಡೀ ಆ ಮಾತು ಕಾಲಿಗೆ ನೆಟ್ಟ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ಸಂಜೆ ಕಾಲೇಜಿನಿಂದ ಈಮೇಲ್. ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ — ಸೀಟು ಸಿಕ್ಕಿದೆ. ಮೂರನೇ ಸಲ ಸಿಗುತ್ತಿರುವುದು. ಹಿಂದಿನ ಎರಡು ಸಲವೂ ಫೀಸಿಗೆ ದಾರಿ ಕಾಣದೆ ಬಿಟ್ಟುಕೊಟ್ಟೆ. ಜುಲೈ 12, ಶುಕ್ರವಾರ ಸಂಜೆ ಐದರೊಳಗೆ ಆಫೀಸಿಗೆ ಹೋಗಿ ಸಹಿ ಹಾಕಬೇಕು, ಫೀಸು ಎಲ್ಲಿಂದ ಬರುತ್ತದೆ ಎಂದು ತಿಳಿಸಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ: ಮೂರು ಸಲ ಸೀಟು ಬಿಟ್ಟವರು ಮತ್ತೆ ಅರ್ಜಿ ಹಾಕುವಂತಿಲ್ಲ.

ಸಣ್ಣ ಅಕ್ಷರದಲ್ಲಿ ಬರೆದದ್ದೇ ಯಾವಾಗಲೂ ದೊಡ್ಡ ವಿಷಯ.

ಜೂನ್ 5, ಬುಧವಾರ

ಸ್ಕಾಲರ್‌ಶಿಪ್ ಹುಡುಕುವುದೂ ಒಂದು ಡಿಗ್ರಿಯೇ. ಒಂದು, ಕೆಲಸದಲ್ಲಿರುವವರಿಗೆ ಇಲ್ಲ. ಇನ್ನೊಂದು, ಕೆಲಸದಲ್ಲಿ ಇಲ್ಲದವರಿಗೆ ಇಲ್ಲ. ಮತ್ತೊಂದಕ್ಕೆ ಹತ್ತು ವರ್ಷ ಅನುಭವ ಬೇಕು, ವಯಸ್ಸು ಮಾತ್ರ ಇಪ್ಪತ್ತೈದು ದಾಟಿರಬಾರದು. ನನಗೆ ಮೂವತ್ತೆರಡು. ಜೋರಾಗಿ ಓದಿ ಹೇಳಿದೆ.

ಅತ್ತೆ ಕನ್ನಡಕ ಮೇಲೆತ್ತಿ, “ಹಾಗಾದ್ರೆ ನೀನು ತೊಟ್ಟಿಲಿಂದ ಇಳಿದವಳೇ ಕೆಲಸಕ್ಕೆ ಹೋಗ್ಬೇಕಿತ್ತು” ಎಂದರು.

ಕಾಲೇಜಿನದ್ದೇ ಒಂದು ಸಹಾಯ ಇದೆ. ಜೂನಿಯರ್‌ಗಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಟ್ಟರೆ ಅರ್ಧ ಫೀಸು ಮಾಫಿ. ಸ್ಟ್ಯಾಟಿಸ್ಟಿಕ್ಸ್ ಎಂದರೆ ನನಗೆ ಹಾವು ಕಂಡ ಹಾಗೆ. ಹೇಳಿಕೊಡುವವಳಿಗೆ ಮೊದಲು ಬರಬೇಕಲ್ಲ.

ಬ್ಯಾಂಕಿನ ಸಾಲ ಬೇಡ ಎಂದು ನಾನೇ ಗೆರೆ ಎಳೆದೆ. ಕಾರಿನ ಸಾಲವೇ ಇನ್ನೂ ನಮ್ಮ ಜೊತೆ ಊಟಕ್ಕೆ ಕೂರುತ್ತಿದೆ. ಇವರದ್ದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಮಾಲೀಕರೂ ಇವರೇ, ಮೇಷ್ಟ್ರೂ ಇವರೇ, ಬೆಳಗ್ಗೆ ಎದ್ದು ಕಾರು ತೊಳೆಯುವವರೂ ಇವರೇ. ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ ಎಷ್ಟು ಅಭ್ಯಾಸವಾಗಿದೆ ಎಂದರೆ, ಟಿವಿಯಲ್ಲಿ ಯಾರಾದರೂ ಓಡುತ್ತಾ ಬಂದರೂ ಇವರ ಬಲಗಾಲು ನೆಲ ಒತ್ತುತ್ತದೆ.

“ನಿನ್ನ ಸಂಬಳ ನಿಂತ್ರೆ ಎರಡು ವರ್ಷ ಹಾಫ್ ಕ್ಲಚ್‌ನಲ್ಲಿ ಓಡಿಸ್ಬೇಕು ಕಣೇ, ಅಷ್ಟೇ” ಎಂದರು. ಹೇಳುವುದು ಸುಲಭ. ಹಾಫ್ ಕ್ಲಚ್‌ನಲ್ಲಿ ಓಡಿಸಿದರೆ ಪ್ಲೇಟು ಸುಡುತ್ತದೆ ಎಂದು ದಿನಾ ವಿದ್ಯಾರ್ಥಿಗಳಿಗೆ ಬೈಯುವವರೂ ಇವರೇ.

ಜೂನ್ 9, ಭಾನುವಾರ

ಸಿಕ್ಕಿತು. ಹಳೆಯ ವೈದ್ಯರೊಬ್ಬರು ಬಿಟ್ಟುಹೋದ ಆಸ್ತಿಯಿಂದ ನಡೆಯುವ ಟ್ರಸ್ಟ್. ಪಬ್ಲಿಕ್ ಹೆಲ್ತ್ ಓದುವ ಇಬ್ಬರಿಗೆ ಪ್ರತಿ ವರ್ಷ ಪೂರ್ತಿ ಫೀಸು, ಜೊತೆಗೆ ತಿಂಗಳ ಖರ್ಚು. ವಯಸ್ಸಿನ ಮಿತಿ ಇಲ್ಲ. ಕೆಲಸ ಮಾಡಿ ಬಂದವರಿಗೆ ಮೊದಲ ಆದ್ಯತೆ. ಎರಡೆರಡು ಸಲ ಓದಿದೆ. ಎಲ್ಲಾದರೂ ಸಣ್ಣ ಅಕ್ಷರ ಇದೆಯೇ ಎಂದು ಹುಡುಕಿದೆ. ಇಲ್ಲ.

ಬೇರೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ತೆರೆದಿರುವುದು ಇದೊಂದೇ. ಇದು ಆದರೆ ಕಾಲೇಜು. ಆಗದಿದ್ದರೆ ಲಸಿಕೆ, ಪಾಂಪ್ಲೆಟ್, ಪೆನ್ಷನ್.

ಸಂಪರ್ಕಿಸುವ ನಂಬರ್ ಕೇಳಿದ್ದರು. ಅತ್ತೆ ಅಡುಗೆಮನೆಯಿಂದಲೇ, “ಮನೆ ನಂಬರ್ ಕೊಡು. ನೀನು ಇಂಜೆಕ್ಷನ್ ರೂಮಿಗೆ ಹೋದ್ರೆ ಮೊಬೈಲು ಬೀರು ಸೇರುತ್ತೆ. ನಾನು ಇಲ್ಲೇ ಇರ್ತೀನಲ್ಲ.”

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವರು. ಇಡೀ ಬೀದಿಯಲ್ಲಿ ಲ್ಯಾಂಡ್‌ಲೈನ್ ಉಳಿದಿರುವುದು ನಮ್ಮ ಮನೆಯಲ್ಲಿ ಮಾತ್ರ. ಒದ್ದೆ ಬಟ್ಟೆಯಲ್ಲಿ ಅದಕ್ಕೆ ದಿನಾ ಸ್ನಾನ. ಅವರ ನಿಯಮವೂ ನನಗೆ ಬಾಯಿಪಾಠ: “ಆಪರೇಟರ್ ಅಂದ್ರೆ ಕೊಳವೆ ಇದ್ದ ಹಾಗೆ. ಈ ಕಡೆ ಬಿದ್ದಿದ್ದು ಆ ಕಡೆ ಬೀಳ್ಬೇಕು. ಒಂದು ಮಾತು ಸೇರಿಸ್ಬಾರ್ದು, ಒಂದು ಮಾತು ಕಳೀಬಾರ್ದು. ಅರ್ಥ ಮಾಡ್ಕೊಳ್ಳೋದು ನಮ್ಮ ಕೆಲಸ ಅಲ್ಲ. ಅಡ್ಡ ಮಾತು ಮಾತ್ರ ಬಿಡ್ಬೇಕು.”

ಅಡ್ಡ ಮಾತು ಎಂದರೆ ಫೋನ್ ಹಿಡಿದವರು ನಡುನಡುವೆ ಪಕ್ಕದವರಿಗೆ ಹೇಳುವುದು. ಒಂದು ಸಲ ನನ್ನ ತಮ್ಮ, “ಅಕ್ಕ ಬಂದ್ಮೇಲೆ ಫೋನ್ ಮಾಡೋಕೆ ಹೇಳಿ... ಲೋ, ಆ ನಾಯಿನ ಹೊರಗೆ ಕಟ್ಟೋ” ಎಂದಿದ್ದನಂತೆ. ಅತ್ತೆ ನಾಯಿಯನ್ನು ಬಿಟ್ಟು ಉಳಿದದ್ದನ್ನು ಮುಟ್ಟಿಸಿದರು. ಆಮೇಲೆ ಉದಾಹರಣೆಗೆಂದು ನಾಯಿಯನ್ನೂ ಹೇಳಿದರು.

ಮನೆ ನಂಬರೇ ಬರೆದೆ.

ಜೂನ್ 14, ಶುಕ್ರವಾರ

ಶಿಫಾರಸು ಪತ್ರ ಬೇಕಿತ್ತು. ನಮ್ಮ ಕ್ಲಿನಿಕ್ಕಿನ ದೊಡ್ಡ ಡಾಕ್ಟರು ರೋಗಿಯ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟುಕೊಂಡೇ, ಪ್ರಿಸ್ಕ್ರಿಪ್ಷನ್ ಚೀಟಿಯ ಮೇಲೆ ಗೀಚಿ ಕೊಟ್ಟರು. ಓದಲು ಆಗಲಿಲ್ಲ. ಅವರನ್ನೇ ಕೇಳಿದೆ. ಅವರೂ ಸ್ವಲ್ಪ ಹೊತ್ತು ನೋಡಿ, “ಒಳ್ಳೆದೇ ಬರ್ದಿದ್ದೀನಿ, ಹೋಗಮ್ಮ” ಎಂದರು.

ಕೊನೆಗೆ ಎದುರಿನ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವನು ಕಣ್ಣು ಕಿರಿದು ಮಾಡಿ ಗಡಗಡ ಓದಿದ: “ಈಕೆ ಮೊಂಡು. ಹಿಡಿದ ಕೆಲಸ ಬಿಡುವವಳಲ್ಲ. ಓದಲು ಕಳಿಸಿದರೆ ನಮಗೆ ನಷ್ಟ, ಊರಿಗೆ ಲಾಭ.” ಕೆಳಗಿನದ್ದನ್ನು ‘ಊಟದ ನಂತರ’ ಎಂದು ಓದಿದವನು, ತಡೆದು, “ಅಲ್ಲ, ಇದು ಸಹಿ” ಎಂದ.

ನಷ್ಟ ಎಂಬ ಮಾತಿಗೆ ಕಣ್ಣು ತುಂಬಿತು. ಏಳು ವರ್ಷದಲ್ಲಿ ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ ಆ ಮನುಷ್ಯ. ಟೈಪ್ ಮಾಡಿಸಿ ಸೀಲ್ ಹಾಕಿಸಿಕೊಂಡೆ. ಅರ್ಜಿ ಹೋಯಿತು.

ಜೂನ್ 27, ಗುರುವಾರ

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೈ ಕಟ್ಟಿ, ಗಂಟಲು ಸರಿ ಮಾಡಿಕೊಂಡು ಒಪ್ಪಿಸಿದರು: “ಟ್ರಸ್ಟಿನ ಗುಮಾಸ್ತರು. ಮಂಗಳವಾರ, ಜುಲೈ ಎರಡು, ಹನ್ನೊಂದು ಗಂಟೆಗೆ ಇಂಟರ್‌ವ್ಯೂ. ಸಾಮಾನ್ಯ ಜನರಿಗೆ ಹೇಳೋ ಹಾಗೆ ಒಂದು ವಿಷಯದ ಮೇಲೆ ಐದು ನಿಮಿಷ ಮಾತಾಡ್ಬೇಕು. ಮುಗೀತು.”

ಆ ‘ಮುಗೀತು’ ಅತ್ತೆಯದ್ದು. ಸಂದೇಶ ಮುಗಿದ ಗುರುತು.

ಜೂನ್ 30, ಭಾನುವಾರ

ಪ್ರಯೋಗ. ಕೆಳಗಿನ ಅಂಗಡಿಯ ಟೈಲರಣ್ಣನ ಹತ್ತಿರ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕು — ಕತ್ತರಿಸುವ ಚಾಕು ಅಲ್ಲ, ಸೀಮೆಸುಣ್ಣದಂಥದ್ದು — ಇಸಿದುಕೊಂಡು ಕುಟ್ಟಿ ಪುಡಿ ಮಾಡಿದೆ. ಟಿವಿ ರಿಮೋಟಿಗೆ ಸ್ವಲ್ಪ ಸವರಿ ಸುಮ್ಮನೆ ಕೂತೆ. ಸಂಜೆ ಹೊತ್ತಿಗೆ ಇವರ ಕೆನ್ನೆ ನೀಲಿ, ಫ್ರಿಜ್ಜಿನ ಬಾಗಿಲು ನೀಲಿ, ಅತ್ತೆಯ ಫೋನು ನೀಲಿ. ಕೊಳೆ ಹೇಗೆ ನಡೆಯುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವಿಲ್ಲ.

“ಏನ್ ಬೇಕಾದ್ರೂ ಮಾಡು, ನನ್ನ ಎಕ್ಸ್‌ಚೇಂಜಿಗೆ ಮಾತ್ರ ಬರ್ಬೇಡ” ಎಂದು ಅತ್ತೆ ಫೋನಿಗೆ ಎರಡನೇ ಸಲ ಸ್ನಾನ ಮಾಡಿಸಿದರು.

ಟೈಲರಣ್ಣ ಅರವತ್ತರ ಹತ್ತಿರದವರು. ಈಗ ಇವರ ಹತ್ತಿರ ಕಾರು ಕಲಿಯುತ್ತಿದ್ದಾರೆ. ಟೆಸ್ಟಿನಲ್ಲಿ ಎರಡು ಸಲ ಫೇಲು. “ನೀವು ಸ್ಕಾಲರ್‌ಶಿಪ್ ತಗೊಳ್ಳಿ ಸಿಸ್ಟರಮ್ಮ, ನಾನು ಲೈಸೆನ್ಸ್ ತಗೋತೀನಿ. ಯಾರು ಮೊದಲು ನೋಡೋಣ” ಎಂದು ಪಂದ್ಯ ಕಟ್ಟಿದ್ದಾರೆ.

ಜುಲೈ 2, ಮಂಗಳವಾರ, ರಾತ್ರಿ ಎಂಟು

ಎಲ್ಲಿಂದ ಶುರು ಮಾಡಲಿ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಹಳೆಯ ಕಟ್ಟಡ, ಎತ್ತರದ ಕಿಟಕಿಗಳು, ಬೆಂಚು. ನನ್ನ ಪಕ್ಕ ಕೋಟು ಹಾಕಿದ ಒಬ್ಬ ಹಲ್ಲಿನ ಡಾಕ್ಟರು, ಮಡಿಲಲ್ಲಿ ಲ್ಯಾಪ್‌ಟಾಪ್. ಐದು ನಿಮಿಷಕ್ಕೆ ನಲವತ್ತು ಸ್ಲೈಡ್ ಮಾಡಿಕೊಂಡು ಬಂದಿದ್ದಾನೆ. “ನಿಮ್ಮದು?” ಎಂದ. ಕೈಚೀಲದಿಂದ ಪುಡಿ ಡಬ್ಬಿ ತೆಗೆದು ತೋರಿಸಿದೆ. ಪಾಪ, ಸ್ವಲ್ಪ ದೂರ ಸರಿದು ಕೂತ.

ಒಳಗೆ ಸಮಿತಿಯವರು ಐವರು. ನಡುವೆ ಅಧ್ಯಕ್ಷರು, ಬೆಳ್ಳಗೆ ತಲೆ, ಮಾತು ಮಾತಿಗೂ ಮೂಗು ಸವರಿಕೊಳ್ಳುವ ಚಾಳಿ. ನನ್ನ ಸರ್ಟಿಫಿಕೇಟ್ ಫೈಲನ್ನು ಅವರ ಕೈಗೆ ಕೊಟ್ಟೆ. ಫೈಲಿನ ರಟ್ಟಿಗೆ ಮೊದಲೇ ಪುಡಿ ಸವರಿದ್ದೆ. ರಟ್ಟೂ ನೀಲಿ, ಪುಡಿಯೂ ನೀಲಿ, ಯಾರಿಗೂ ಗೊತ್ತಾಗಲಿಲ್ಲ. ಫೈಲು ಕೈಯಿಂದ ಕೈಗೆ ಹೋಯಿತು. ನಾನು ಮಕ್ಕಳ ಭೇದಿಯ ಬಗ್ಗೆ ಸುಮ್ಮನೆ ಮಾತಾಡುತ್ತಾ ಹೋದೆ. ಕೊನೆಗೆ, “ಈಗ ಎಲ್ಲರೂ ಒಂದು ಸಲ ನಿಮ್ಮ ನಿಮ್ಮ ಕೈ ನೋಡ್ಕೊಳ್ಳಿ” ಎಂದೆ.

ಐದು ಜೊತೆ ನೀಲಿ ಕೈ. ಒಬ್ಬರ ಗಡ್ಡ. ಮೇಡಮ್ ಒಬ್ಬರ ನೀರಿನ ಲೋಟದ ಅಂಚು. ಅಧ್ಯಕ್ಷರ ಮೂಗು ಪೂರ್ತಿ. ಮೂಗು ಮುಟ್ಟಿ ನೋಡಿಕೊಳ್ಳುವ ಹಾಗೆ ಮಾಡುವುದು ಎನ್ನುತ್ತಾರಲ್ಲ — ಅವರು ನಿಜವಾಗಿ ಮುಟ್ಟಿ ನೋಡಿಕೊಂಡರು, ಇನ್ನಷ್ಟು ನೀಲಿಯಾಯಿತು. ಎಲ್ಲರೂ ನಕ್ಕರು. ಗೆದ್ದೆ ಎಂದುಕೊಂಡೆ.

“ಈಗ ದಯವಿಟ್ಟು ಎಲ್ಲರೂ ಕೈ ತೊಳ್ಕೊಂಡು ಬನ್ನಿ. ನನ್ನ ಪಾಠ ಮುಗಿಯೋದು ಅಲ್ಲೇ.”

ಐವರೂ ಎದ್ದು ಹೊರಗೆ ಹೋದರು. ಹೋದವರು ಹಾಗೇ ವಾಪಸ್. ನಲ್ಲಿಯಲ್ಲಿ ನೀರಿಲ್ಲ. ಪೈಪ್ ಒಡೆದು ವಾರವಾಗಿದೆಯಂತೆ, ಯಾರೂ ಗಮನಿಸಿಲ್ಲ. ಗುಮಾಸ್ತರು ಓಡಿ ಒಂದು ಬಾಟಲಿ ತಂದರು. ಅಧ್ಯಕ್ಷರು ತಡೆದು, “ಬೇಡ ಬೇಡ, ಅದು ಕುಡಿಯೋ ನೀರು” ಎಂದರು.

ಐದು ಜನ ದೊಡ್ಡವರು ಕೈ ಮುಂದೆ ಚಾಚಿಕೊಂಡು, ಏನನ್ನೂ ಮುಟ್ಟಲಾರದೆ ನಿಂತಿದ್ದಾರೆ. ನನಗೆ ಹಳದಿ ಶಾಲಿನವಳು ಕಣ್ಣ ಮುಂದೆ ಬಂದಳು. ತಯಾರಿ ಮಾಡಿಕೊಂಡಿದ್ದ ಮುಕ್ತಾಯ ಮರೆತೇಹೋಯಿತು. ಬಾಯಿಗೆ ಬಂದದ್ದು ಹೇಳಿದೆ.

“ಒಬ್ಬ ತಾಯಿ ನನ್ನ ಕೇಳಿದ್ಲು ಸರ್, ಯಾವ ನೀರಲ್ಲಿ ತೊಳೀಲಿ ಅಂತ. ನನಗೆ ಉತ್ತರ ಗೊತ್ತಿರ್ಲಿಲ್ಲ. ಕೈ ತೊಳೀರಿ ಅಂತ ಹೇಳೋದು ನನಗೆ ಬರುತ್ತೆ, ಏಳು ವರ್ಷದಿಂದ ಹೇಳ್ತಾ ಇದೀನಿ. ನಲ್ಲಿಲಿ ನೀರು ಬರೋ ಹಾಗೆ ಮಾಡೋದು ಬರಲ್ಲ. ಯಾರನ್ನ ಕೇಳ್ಬೇಕು, ಏನು ಲೆಕ್ಕ ತೋರಿಸ್ಬೇಕು, ಹೇಗೆ ಒಪ್ಪಿಸ್ಬೇಕು... ಅದನ್ನ ಕಲಿಯೋಕೇ ಓದ್ಬೇಕು ಅಂತಿರೋದು.”

ಅಧ್ಯಕ್ಷರು ನೀಲಿ ಮೂಗಿನ ಮೇಲಿಂದ ನನ್ನನ್ನೇ ನೋಡಿದರು. “ಸರಿಯಮ್ಮ. ನೀರು ಬಂದ್ಮೇಲೆ ಹೇಳಿ ಕಳಿಸ್ತೀವಿ.”

ನೀರು ಬಂದ ಮೇಲೆ. ಅಂದರೆ ಆ ಕಾಲಕ್ಕೆ ನೋಡೋಣ ಎಂದ ಹಾಗೆ. ಬಾಗಿಲು ತೋರಿಸುವುದಕ್ಕೂ ದೊಡ್ಡವರ ಹತ್ತಿರ ಒಳ್ಳೆಯ ಮಾತುಗಳಿರುತ್ತವೆ.

ಹೊರಗೆ ಲ್ಯಾಪ್‌ಟಾಪಿನವನು ಸಮಿತಿಯವರ ಕೈಗಳನ್ನು ನೋಡಿ ಬೆಚ್ಚಿಬಿದ್ದಿದ್ದ. “ನಾನು ಏನನ್ನೂ ಮುಟ್ಟಲ್ಲ” ಎಂದು ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಪಾಠ ಒಬ್ಬನಿಗಾದರೂ ಹತ್ತಿತು.

ಜುಲೈ 3, ಬುಧವಾರ

ಅಧ್ಯಕ್ಷರ ಮೂಗಿಗೆ ಬಣ್ಣ ಬಳಿದು ಸ್ಕಾಲರ್‌ಶಿಪ್ ಕೇಳಿದವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಜುಲೈ 9, ಮಂಗಳವಾರ

ಫೋನ್ ಇಲ್ಲ. ಅತ್ತೆ ರಿಸೀವರ್ ಎತ್ತಿ ಲೈನು ಸತ್ತಿಲ್ಲವೆಂದು ಗಂಟೆಗೊಮ್ಮೆ ಖಾತ್ರಿ ಮಾಡಿಕೊಳ್ಳುತ್ತಿದ್ದಾರೆ. ಹಾಗೆ ಎತ್ತಿ ಹಿಡಿದಿದ್ದರೆ ಆ ಕಡೆಯವರಿಗೆ ಎಂಗೇಜ್ ಬರುವುದಿಲ್ಲವೇ ಎಂದು ಕೇಳಬೇಕೆಂದಿದ್ದೆ. ಆಪರೇಟರ್‌ಗೆ ಫೋನ್ ಪಾಠ ಹೇಳಲು ಧೈರ್ಯ ಬರಲಿಲ್ಲ.

ಜುಲೈ 11, ಗುರುವಾರ, ಸಂಜೆ

ಬಂತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ಇರಲಿಲ್ಲ. ತಲೆನೋವು ಎಂದು ಮಲಗಿದ್ದರು. ಇವರು ಮೆಟ್ಟಿಲ ಮೇಲೆ ಕೂತಿದ್ದರು. ಮುಖ ನೋಡಿಯೇ ಗೊತ್ತಾಯಿತು.

“ಟ್ರಸ್ಟಿನಿಂದ ಫೋನ್ ಬಂದಿತ್ತಂತೆ, ಅಮ್ಮ ಹೇಳಿದ್ರು.” ಬಲಗಾಲು ನೆಲ ಒತ್ತುತ್ತಿತ್ತು. “ಅವರೆಲ್ಲ ಕೈ ತೊಳ್ಕೊಂಡ್ಬಿಟ್ರಂತೆ ಕಣೇ. ಕಾಗದ ಆಮೇಲೆ ಪೋಸ್ಟಲ್ಲಿ ಬರುತ್ತಂತೆ.”

ಆಯಿತು. ನಮ್ಮಿಂದ ಆಗುವುದಿಲ್ಲ, ನಮ್ಮನ್ನು ಕೇಳಬೇಡಿ ಎಂದು ಕೈ ತೊಳೆದುಕೊಂಡರು. ಇಡೀ ಊರಿಗೆ ಕೈ ತೊಳೆಯಿರಿ ಎಂದು ಹೇಳುವವಳಿಗೆ ಸರಿಯಾದ ಮಾತೇ ಹೇಳಿ ಕಳಿಸಿದ್ದಾರೆ. ಇದಕ್ಕೆ ನಗು ಬರಬೇಕು. ನಾಳೆ ಬರಬಹುದು.

ಫೋನ್ ಮಾಡಿ ಕಾರಣ ಕೇಳು ಎಂದರು ಇವರು. ಬೇಡ ಎಂದವರ ಬಾಗಿಲು ಬಡಿದು ಯಾಕೆ ಬೇಡ ಎಂದು ಕೇಳಲಾರೆ. ಮೊಂಡಿಗೂ ಒಂದು ಮಿತಿ ಇದೆ.

ಬೇಜಾರು ತುಂಬಾ ಇದೆ. ಸುಳ್ಳು ಯಾಕೆ ಬರೆಯಲಿ.

ಜುಲೈ 12, ಶುಕ್ರವಾರ, ಮಧ್ಯಾಹ್ನ, ಕ್ಲಿನಿಕ್

ಕಾಲೇಜಿಗೆ ಕಳಿಸಬೇಕಾದ ಈಮೇಲ್ ಬರೆದಿಟ್ಟಿದ್ದೇನೆ. ‘ಅನಿವಾರ್ಯ ಕಾರಣಗಳಿಂದ.’ ಮೂರನೇ ಸಲ ಅದೇ ವಾಕ್ಯ. ಹಳೆಯದನ್ನೇ ಕಾಪಿ ಮಾಡಿ ತಾರೀಖು ಬದಲಿಸಿದೆ. ಅರ್ಧ ದಿನ ರಜೆ ಹಾಕಿದ್ದೇನೆ. ಮನೆಗೆ ಹೋಗಿ ಕಳಿಸುತ್ತೇನೆ. ಇಲ್ಲಿ ಎಲ್ಲರ ಮುಂದೆ ಬೇಡ.

ಅದೇ ದಿನ, ಸಂಜೆ ಏಳು

ಒಂದೊಂದಾಗಿ ಬರೆಯುತ್ತೇನೆ.

ಮೂರೂವರೆಗೆ ಮನೆಗೆ ಬಂದೆ. ಅತ್ತೆ ಟೀ ತಂದಿಟ್ಟು, ಎದುರಿಗೆ ಕೂತು, ನನ್ನ ಮುಖ ನೋಡದೆ, “ನಿನ್ನೆ ಫೋನು ಹಾಳಾಗಿ ಹೋಗಿದ್ರೂ ಚೆನ್ನಾಗಿತ್ತು” ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಫೋನಿಗೆ ಕೆಟ್ಟದ್ದು ಬಂದಿದ್ದು ಇದೇ ಮೊದಲು.

“ಇರ್ಲಿ ಬಿಡಿ ಅತ್ತೆ. ಅವರೇ ಕೈ ತೊಳ್ಕೊಂಡ್ಬಿಟ್ರು ಅಂದ್ಮೇಲೆ ನೀವೇನು ಮಾಡೋಕಾಗುತ್ತೆ.”

ಅತ್ತೆ ಚಟ್ಟನೆ ತಲೆಯೆತ್ತಿದರು. “ಏನಂದೆ?”

ಮತ್ತೆ ಹೇಳಿದೆ.

“ತೊಳ್ಕೊಂಡ್ಬಿಟ್ರು ಅಂತ ಆ ಗುಮಾಸ್ತ ಹೇಳಿಲ್ಲ. ತೊಳ್ಕೊಂಡ್ರು ಅಂದ. ನಾನೂ ತೊಳ್ಕೊಂಡ್ರು ಅಂತಲೇ ಒಪ್ಪಿಸಿದ್ದು. ಆ ‘ಬಿಟ್ರು’ ನನ್ನದಲ್ಲ, ನಿನ್ನ ಗಂಡಂದು.” ಕೋಪದಲ್ಲಿ ಕನ್ನಡಕ ತೆಗೆದರು. “ಸರ್ವಿಸಿನಲ್ಲಿ ಒಂದು ದಿನ ಒಂದಕ್ಷರ ಸೇರಿಸಿದವಳಲ್ಲ ನಾನು.”

ತೊಳ್ಕೊಂಡ್ರು. ತೊಳ್ಕೊಂಡ್ಬಿಟ್ರು. ತಲೆಯೊಳಗೆ ಏನೋ ಕದಲಿತು. “ಪೂರ್ತಿ ಮೆಸೇಜ್ ಏನು ಅತ್ತೆ? ಇದ್ದ ಹಾಗೇ ಹೇಳಿ.”

ಅತ್ತೆ ಕೈ ಕಟ್ಟಿದರು. “‘ಅಧ್ಯಕ್ಷರು ಹೇಳೋಕೆ ಹೇಳಿದಾರೆ. ಎಲ್ಲರೂ ಕೈ ತೊಳ್ಕೊಂಡ್ರು. ಅಷ್ಟು ಹೇಳಿದ್ರೆ ಅವರಿಗೆ ಗೊತ್ತಾಗುತ್ತೆ. ಕಾಗದ ಪೋಸ್ಟಲ್ಲಿ ಬರುತ್ತೆ.’ ಮುಗೀತು.”

“ನಡುವೆ ಬೇರೆ ಏನೂ ಹೇಳ್ಲಿಲ್ವಾ?”

“ಏನಿಲ್ಲ. ಒಂದು ಅಡ್ಡ ಮಾತು. ಪಕ್ಕದಲ್ಲಿ ಯಾರಿಗೋ ‘ನೀರು ಬಂತು’ ಅಂದ. ಅವರ ಆಫೀಸಿಗೆ ನೀರು ಬಂದ್ರೆ ನಮಗೇನು ಅಂತ ಬಿಟ್ಟೆ.”

ಟೀ ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ನೀರು ಬಂದ ಮೇಲೆ ಹೇಳಿ ಕಳಿಸುತ್ತೇವೆ ಎಂದಿದ್ದರಲ್ಲ. ನೀರು ಬಂತು. ಎಲ್ಲರೂ ಕೈ ತೊಳೆದುಕೊಂಡರು. ಪಾಠ ಮುಗಿಯುವುದು ಅಲ್ಲೇ ಎಂದು ನಾನೇ ಹೇಳಿ ಬಂದಿದ್ದೆ.

ಅತ್ತೆಗೆ ವಿವರಿಸುವಷ್ಟರಲ್ಲಿ ಮಾತು ತೊದಲಿತು. ಟ್ರಸ್ಟಿಗೆ ಫೋನ್ ಹಚ್ಚಿದೆ. ಎಂಗೇಜ್. ಮತ್ತೆ ಎಂಗೇಜ್. ಅತ್ತೆ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. “ಸರಿ ಆ ಕಡೆ. ಇದು ನನ್ನ ಕೆಲಸ.” ಸೆರಗು ಸಿಕ್ಕಿಸಿ, ಬೆನ್ನು ನೇರ ಮಾಡಿ ಕೂತರು. ಅದೆಂಥ ತಾಳ್ಮೆ. ಇಡು, ಎತ್ತು, ತಿರುಗಿಸು. ಕೈ ತೊಳೆದುಕೊಂಡು ಹಿಂದೆ ಬೀಳುವುದು ಎಂದರೆ ಇದು. ಕೊನೆಗೆ ಸಿಕ್ಕಿತು. ಅತ್ತೆ ಕೇಳುತ್ತಾ ಕೇಳುತ್ತಾ ನನಗೆ ಒಪ್ಪಿಸುತ್ತಾ ಹೋದರು, ರೈಲಿನ ವೇಳೆ ಹೇಳುವ ದನಿಯಲ್ಲಿ.

“ನಿನ್ನೆನೇ ಹೇಳಿದ್ನಲ್ಲಮ್ಮ ಅಂತಿದಾನೆ. ಅಧ್ಯಕ್ಷರು ಇದೇ ಮಾತಲ್ಲಿ ಹೇಳ್ಬೇಕು ಅಂತ ಹಟ ಹಿಡಿದ್ರಂತೆ. ಇಬ್ಬರು ಸೆಲೆಕ್ಟ್. ಮೊದಲನೇ ಹೆಸರು ನಿಂದು. ಎರಡು ವರ್ಷಕ್ಕೂ ಪೂರ್ತಿ. ಮುಗೀತು.”

ರಿಸೀವರ್ ಇಟ್ಟರು. ಆಮೇಲೆ ಅತ್ತರು. ಡ್ಯೂಟಿ ಮುಗಿಯುವ ತನಕ ಅಳಲಿಲ್ಲ.

ಆಗ ನಾಲ್ಕು ದಾಟಿತ್ತು. ಕಾಲೇಜು ಊರಿನ ಆ ಕೊನೆ. ಕೆಳಗಿಳಿದರೆ ಇವರ ಕಾರು ಬೀದಿಯ ತಿರುವಿನಲ್ಲಿ ತೆವಳುತ್ತಾ ಬರುತ್ತಿದೆ — ಸ್ಟಿಯರಿಂಗಿನಲ್ಲಿ ಟೈಲರಣ್ಣ. ಓಡಿ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಇವರು, “ಅಣ್ಣ, ಇಳೀರಿ, ನಾನು ಓಡಿಸ್ತೀನಿ” ಎಂದರು.

“ಇಳಿಯಲ್ಲ” ಎಂದರು ಟೈಲರಣ್ಣ. “ನನ್ನ ಚಾಕಿಂದ ಬಂದಿರೋ ಸೀಟು, ನಾನೇ ಮುಟ್ಟಿಸ್ತೀನಿ. ಸಿಸ್ಟರಮ್ಮ, ಬೆಲ್ಟ್ ಹಾಕ್ಕೊಳ್ಳಿ. ಮೂರನೇ ಗೇರು ಹಾಕೋದು ಇವತ್ತೇ ಮೊದಲು.”

ಜೀವಮಾನದಲ್ಲಿ ಅಂಥ ಪ್ರಯಾಣ ಮಾಡಿಲ್ಲ. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಹಿಂದಿನಿಂದ ಹಾರ್ನೋ ಹಾರ್ನು. ಒಂದು ಸಿಗ್ನಲ್ಲಿನಲ್ಲಿ ಕಾರು ಮೂರು ಸಲ ನಿಂತುಹೋಯಿತು. ಇವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ, “ಕ್ಲಚ್ ಅಣ್ಣ, ಕ್ಲಚ್... ನಿಧಾನ... ಈಗ ಬಿಡಿ” ಎನ್ನುತ್ತಿದ್ದರು. ಇಡೀ ದಾರಿಯಲ್ಲಿ ತಮ್ಮ ಬ್ರೇಕು ಒಂದು ಸಲವೂ ಒತ್ತಲಿಲ್ಲ. ಇವರ ಮಟ್ಟಿಗೆ ಅದಕ್ಕಿಂತ ದೊಡ್ಡ ತ್ಯಾಗ ಇಲ್ಲ.

ಆಫೀಸಿನ ಬಾಗಿಲು ಹಾಕಲು ಮೇಡಮ್ ಬೀಗದ ಕೈ ಹುಡುಕುತ್ತಿದ್ದರು. ನನ್ನ ಹೆಸರು ಹೇಳಿದೆ. “ಟ್ರಸ್ಟಿನವರು ಬೆಳಗ್ಗೆಯೇ ಈಮೇಲ್ ಕಳಿಸಿದಾರೆ. ಎರಡು ಸಲ ಬಿಟ್ಟವರು, ಈ ಸಲವೂ ಬರಲ್ಲ ಅಂದ್ಕೊಂಡಿದ್ವಿ” ಎಂದು ರಿಜಿಸ್ಟರ್ ಮುಂದಿಟ್ಟರು. ಸಹಿ ಹಾಕಿದೆ. ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಅಚ್ಚುಕಟ್ಟಾದ ನೀಲಿ ಗುರುತು ಬಿತ್ತು. ಕಾರಿನ ಬಾಗಿಲಿನ ಹಿಡಿಯಿಂದ ಬಂದದ್ದು. ಟೈಲರಣ್ಣನ ಕೈಯಲ್ಲಿ ಚಾಕಿನ ಪುಡಿ ಇಲ್ಲದ ದಿನವೇ ಇಲ್ಲ.

“ಏನ್ರೀ ಇದು ನೀಲಿ? ಆ ಕಡೆ ನಲ್ಲಿ ಇದೆ, ತೊಳ್ಕೊಳ್ಳಿ ಹೋಗಿ.”

“ನೀರು ಬರುತ್ತಾ?”

“ಬರುತ್ತೆ. ಯಾಕೆ?”

ನಲ್ಲಿ ತಿರುಗಿಸಿ ಸುಮಾರು ಹೊತ್ತು ಕೈ ತೊಳೆದೆ. ಮುಖವನ್ನೂ ತೊಳೆದೆ. ಅದು ಯಾಕೆಂದು ಯಾರೂ ಕೇಳಲಿಲ್ಲ.

ಇವರಿಗೆ ಮನೆಯಲ್ಲಿ ಶಿಕ್ಷೆಯಾಗಿದೆ. ಇನ್ನು ಮುಂದೆ ಈ ಮನೆಯಲ್ಲಿ ಯಾವ ಮಾತಿಗೂ ‘ಬಿಟ್ರು’ ಸೇರಿಸುವಂತಿಲ್ಲ. ಆಮೇಲೆ ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ, “ಅಡ್ಡ ಮಾತೂ ಹೇಳ್ಬೇಕಿತ್ತು ಅಲ್ವೇನಮ್ಮ” ಎಂದರು. ನೀವು ಹೇಳಿದ್ದರಿಂದಲೇ ಸಿಕ್ಕಿದ್ದು ಎಂದೆ. ಅದು ನಿಜ ಕೂಡ.

ಜುಲೈ 19, ಶುಕ್ರವಾರ

ಟ್ರಸ್ಟಿನ ಕಾಗದ ಇವತ್ತು ಬಂತು, ಪೋಸ್ಟಿನಲ್ಲಿ, ಆರಾಮಾಗಿ. ಟೈಪ್ ಮಾಡಿದ ನಾಲ್ಕು ಸಾಲಿನ ಕೆಳಗೆ ಅಧ್ಯಕ್ಷರೇ ಪೆನ್ನಿನಲ್ಲಿ ಬರೆದಿದ್ದಾರೆ: ‘ಮೂಗಿನದ್ದು ಹೋಗಲು ಎರಡು ದಿನ ಹಿಡಿಯಿತು. ಪೈಪ್ ರಿಪೇರಿಗೆ ಒಂಬತ್ತು ದಿನ. ಎರಡನೆಯದರ ಬಗ್ಗೆ ನಾಚಿಕೆಯಿದೆ.’

ಟೈಲರಣ್ಣ ಪಾಸು. ಪಂದ್ಯ ಮಾತ್ರ ಸೋತರು, ವಾರದ ಅಂತರದಲ್ಲಿ. ದಂಡವಾಗಿ ನನಗೊಂದು ಕಾಲೇಜು ಚೀಲ ಹೊಲಿದುಕೊಡುತ್ತಾರಂತೆ. ಜೇಬು ಎಷ್ಟು ಬೇಕು ಎಂದು ಕೇಳಿದ್ದಾರೆ.

ಜುಲೈ 29, ಸೋಮವಾರ

ಕ್ಲಿನಿಕ್ಕಿನಲ್ಲಿ ಕೊನೆಯ ದಿನ. ಲಸಿಕೆ ದಿನವೇ ಬಂತು. ದೊಡ್ಡ ಡಾಕ್ಟರು ಒಂದು ಚೀಟಿ ಕೊಟ್ಟರು. ಮೆಡಿಕಲ್ ಶಾಪಿಗೆ ಹೋಗದೆಯೇ ಓದಿದೆ. ‘ವಾಪಸ್ ಬಾ’ ಎಂದಿತ್ತು. ಅಥವಾ ‘ದಿನಕ್ಕೆ ಎರಡು’. ಮೊದಲನೆಯದೇ ಎಂದುಕೊಂಡಿದ್ದೇನೆ.

ಹಳದಿ ಶಾಲಿನವಳು ಬಂದಿದ್ದಳು. ಮಗು ದುಂಡಗಾಗಿದೆ. ನನ್ನನ್ನು ನೋಡಿ ಕಿರುಚಿತು. ಕೆಲಸ ಮುಗಿಸಿ, “ಇನ್ನು ಎರಡು ವರ್ಷ ನಾನಿರಲ್ಲ, ಬೇರೆ ಸಿಸ್ಟರ್ ಇರ್ತಾರೆ” ಎಂದೆ.

“ಎಲ್ಲಿಗೆ ಹೋಗ್ತಿದೀರಿ?”

“ನೀವು ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ಗೊತ್ತಿರ್ಲಿಲ್ಲ. ಓದೋಕೆ ಹೋಗ್ತಿದೀನಿ.”

ಯಾವ ಪ್ರಶ್ನೆ ಎಂದು ಅವಳಿಗೆ ನೆನಪಿರಲಿಲ್ಲ. ಹೇಳಿದೆ. ಶಾಲು ಸರಿ ಮಾಡಿಕೊಂಡು ನಕ್ಕಳು. “ಅಷ್ಟಕ್ಕೆ ಎರಡು ವರ್ಷ ಬೇಕಾ ಸಿಸ್ಟರ್? ಬೇಗ ಬನ್ನಿ.” ನಾನೂ ನಕ್ಕೆ. ಈ ಸಲ ಪೂರ್ತಿ ನಕ್ಕೆ.

ಆಗಸ್ಟ್ 5, ಸೋಮವಾರ, ಬೆಳಗ್ಗೆ, ಕ್ಲಾಸ್‌ರೂಮ್

ಮೊದಲ ಬೆಂಚು. ಹೊಸ ಚೀಲ, ಏಳು ಜೇಬು. ಒಂದರಲ್ಲಿ ನೀಲಿ ಚಾಕಿನ ತುಂಡು ಇಟ್ಟು ಕಳಿಸಿದ್ದಾರೆ ಟೈಲರಣ್ಣ. ಪಕ್ಕದಲ್ಲಿ ಲ್ಯಾಪ್‌ಟಾಪಿನವನು. ಎರಡನೆಯ ಹೆಸರು ಅವನದ್ದೇ. ನನ್ನನ್ನು ನೋಡಿದವನೇ ಎರಡೂ ಕೈ ಜೇಬಿಗೆ ಹಾಕಿಕೊಂಡ. ಸ್ಟ್ಯಾಟಿಸ್ಟಿಕ್ಸ್ ಅವನಿಗೆ ಬರುತ್ತದಂತೆ. ಒಳ್ಳೆಯ ಹುಡುಗ.

ಮನೆಯಿಂದ ಹೊರಡುವಾಗ ಅತ್ತೆ, “ಫೋನ್ ಹತ್ತಿರ ಇರ್ತೀನಿ, ಏನಿದ್ರೂ ತಿಳಿಸು. ಅಡ್ಡ ಮಾತು ಸಮೇತ” ಎಂದರು.

ಪ್ರೊಫೆಸರ್ ಬಂದರು. ಒಬ್ಬೊಬ್ಬರಾಗಿ ಎದ್ದು, ಇಲ್ಲಿಗೆ ಯಾಕೆ ಬಂದಿರಿ ಎಂದು ಒಂದೇ ವಾಕ್ಯದಲ್ಲಿ ಹೇಳಬೇಕಂತೆ. ಆ ಕೊನೆಯಿಂದ ಶುರುವಾಗಿದೆ. ಎಲ್ಲರೂ ದೊಡ್ಡ ದೊಡ್ಡ ಮಾತು ಹೇಳುತ್ತಿದ್ದಾರೆ. ನನ್ನ ಹತ್ತಿರ ಇರುವುದು ಮೂರೇ ಪದ, ಅದೂ ನನ್ನದಲ್ಲ. ಲ್ಯಾಪ್‌ಟಾಪಿನವನು ಎದ್ದ. ಮುಂದಿನವಳು ನಾನು. ಯಾವ ನೀರಲ್ಲಿ —